ಮಗುವಿನ ಕೈಗೂ ಕೆಲಸ ಕೊಡಿ

(ಮಕ್ಕಳ ವಾರ್ಡಿನಲ್ಲಿ ತಾಯಂದಿರಿಗೂ ಜೊತೆಗೆ ಬಂದವರಿಗೂ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸ)



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯಿಂದ ಬರುವ ತಾಯಂದಿರು ಮಗುವಿನ ಜ್ವರ, ಭೇದಿ, ತೂಕದ ಬಗ್ಗೆ ತಪ್ಪದೆ ಕೇಳುತ್ತಾರೆ. ಮಗುವಿನ ಕೈ ಹೇಗೆ ಆಡುತ್ತಿದೆ ಎಂದು ಕೇಳುವವರು ಕಡಿಮೆ. ಮೂರು ವರ್ಷದೊಳಗಿನ ಮಗು ಮುಟ್ಟಿ, ಹಿಚುಕಿ, ಗೀಚಿ ಕಲಿಯುತ್ತದೆ. ಕೈ ಆಡಿದಷ್ಟೂ ಮಿದುಳು ಚುರುಕಾಗುತ್ತದೆ. ಇದಕ್ಕೆ ಪೇಟೆಯ ಆಟಿಕೆ ಬೇಕಿಲ್ಲ, ಮನೆಯ ಸಾಮಾನೇ ಸಾಕು.

ಆರು ತಿಂಗಳವರೆಗೆ

ಹುಟ್ಟಿದ ಕೂಸಿಗೆ ಸುಮಾರು ಒಂದು ಗೇಣು ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ. ಗಾಢ ಬಣ್ಣದ ಗೆರೆಗಳು ಕಣ್ಣು ಸೆಳೆಯುತ್ತವೆ. ಇಳಕಲ್ಲ ಸೀರೆಯ ಅಂಚನ್ನೋ ಗುಳೇದಗುಡ್ಡದ ಖಣದ ತುಂಡನ್ನೋ ಮುಖದ ಮುಂದೆ ಹಿಡಿದು ನಿಧಾನವಾಗಿ ಆಚೀಚೆ ಸರಿಸಿರಿ. ನಾಲ್ಕು ತಿಂಗಳ ನಂತರ ಮಗು ಅದಕ್ಕೆ ಕೈ ಚಾಚತೊಡಗುತ್ತದೆ. ಆಗ ಕೌದಿಗೆ ಹೊಲಿದಂತೆ, ಒಗೆದ ನುಣುಪು ಮತ್ತು ಒರಟು ಬಟ್ಟೆಯ ತುಂಡುಗಳನ್ನು ಜೋಡಿಸಿ ಒಂದು ಬಟ್ಟೆ ಪುಸ್ತಕ ಮಾಡಿರಿ. ಅದರಲ್ಲಿ ಗುಂಡಿ, ಮಣಿ, ಜೋತುಬಿದ್ದ ಎಳೆ ಇರಬಾರದು. ಎಳೆ ಬೆರಳಿಗೆ ಬಿಗಿದರೆ ರಕ್ತ ಓಡಾಟ ನಿಲ್ಲುತ್ತದೆ. ತೊಟ್ಟಿಲಿಗೂ ದಾರ ಇಳಿಬಿಡಬೇಡಿ.

ಏಳು ತಿಂಗಳಿಂದ ಒಂದೂವರೆ ವರ್ಷದವರೆಗೆ

ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ನಮ್ಮ ಮನೆಗಳಲ್ಲಿ ಮಣ್ಣಿನ ಎತ್ತು ಮಾಡುತ್ತೇವೆ. ದೊಡ್ಡ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಕೈಕೆಲಸವಿಲ್ಲ. ಆದರೆ ಕೂಸು ಮಣ್ಣನ್ನು ಬಾಯಿಗೆ ಹಾಕುತ್ತದೆ, ಹೊಟ್ಟೆಯಲ್ಲಿ ಜಂತು ಆಗುತ್ತದೆ. ಅದಕ್ಕೆ ಹಿಟ್ಟಿನ ಎತ್ತು ಮಾಡಿಕೊಡಿ. ರೊಟ್ಟಿಗೆಂದು ಕುದಿಯುವ ನೀರು ಹಾಕಿ ನಾದಿದ ಜೋಳದ ಹಿಟ್ಟು ಆರಿದ ಮೇಲೆ, ಮಗುವಿನ ಮುಷ್ಟಿಗಿಂತ ದೊಡ್ಡದಾದ ಉಂಡೆ ಕೊಡಿ. ಮಗು ಒತ್ತಲಿ, ಬಡಿಯಲಿ, ಚಿವುಟಲಿ. ಚಿವುಟಿದ ಚೂರನ್ನು ಬಾಯಿಗೆ ಒಯ್ಯದಂತೆ ನೋಡಿಕೊಳ್ಳಿ. ಹಿಟ್ಟಿಗೆ ಉಪ್ಪು ಬೆರೆಸಬೇಡಿ. ಒಲೆಯಿಂದ ದೂರ ಕೂಡ್ರಿಸಿರಿ.

ಒಂದೂವರೆಯಿಂದ ಮೂರು ವರ್ಷದವರೆಗೆ

ಈಗ ಗೀಚುವ ವಯಸ್ಸು. ಬಟ್ಟಲಲ್ಲಿ ಸ್ವಲ್ಪ ನೀರು ಕೊಟ್ಟರೆ ಮಗು ಬೆರಳು ಅದ್ದಿ ಕಲ್ಲಿನ ನೆಲದ ಮೇಲೆ ಚಿತ್ರ ಬರೆಯುತ್ತದೆ. ಮುಗಿದ ಕೂಡಲೇ ಬಟ್ಟಲು ಎತ್ತಿಡಿ. ಬಣ್ಣ ಬೇಕೆಂದರೆ ಮನೆಯಲ್ಲಿ ಕುಟ್ಟಿದ ಅರಿಶಿನ, ಬೀಟ್‌ರೂಟ್ ರಸ ಗಂಜಿಯಲ್ಲಿ ಕಲಸಿರಿ. ಬಾಗಲಕೋಟೆಯ ಹೋಳಿ ನಾಡಿಗೆಲ್ಲ ಹೆಸರುವಾಸಿ, ಆದರೆ ಆ ಬಣ್ಣವಾಗಲಿ, ಪೇಟೆಯ ಕುಂಕುಮವಾಗಲಿ, ರಂಗೋಲಿ ಪುಡಿಯಾಗಲಿ ಮಗುವಿನ ಕೈಗೆ ಬೇಡ. ಸಾಮಾನ್ಯವಾಗಿ ಒಂದೂವರೆ ವರ್ಷಕ್ಕೆ ಮಗು ಗೀಚುತ್ತದೆ, ಮೂರಕ್ಕೆ ತೋರಿಸಿಕೊಟ್ಟರೆ ಸುತ್ತು ಬರೆಯುತ್ತದೆ. ಚಂದ ಬಂದಿಲ್ಲವೆಂದು ನಗಬೇಡಿ, ಕೈ ಹಿಡಿದು ತಿದ್ದಬೇಡಿ.

ಆಟವೇ ತಪಾಸಣೆ

ಒಬ್ಬ ನೇಕಾರ ತಾಯಿ ಹತ್ತು ತಿಂಗಳ ಮಗುವನ್ನು ಕೆಮ್ಮಿಗೆಂದು ಕರೆತಂದಿದ್ದರು. ಹಿಟ್ಟಿನ ಉಂಡೆ ಕೊಟ್ಟೆವು. ಬಲಗಡೆ ಇಟ್ಟರೂ ಮಗು ಎಡಗೈಯನ್ನೇ ಚಾಚಿತು. ಬಲಗೈ ಮುಷ್ಟಿ ಬಿಚ್ಚಲಿಲ್ಲ. "ಎಡಚ ಆಗತಾನ್ರೀ, ಅವರಜ್ಜನೂ ಎಡಚ" ಎಂದರು ತಾಯಿ. ಒಂದು ವರ್ಷದೊಳಗೆ ಮಗು ಎಡಚ, ಬಲಚ ಎಂದು ಆಗುವುದಿಲ್ಲ. ಒಂದೇ ಕೈ ಬಳಸಿದರೆ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ವೈದ್ಯರು ಪರೀಕ್ಷಿಸಿ ವ್ಯಾಯಾಮ ಆರಂಭಿಸಿದರು. ಈಗ ಆ ಮಗು ಎರಡೂ ಕೈಯಿಂದ ರೊಟ್ಟಿ ಹಿಡಿಯುತ್ತದೆ. ಬೇಗ ಕಂಡದ್ದಕ್ಕೆ ಬೇಗ ಚಿಕಿತ್ಸೆ ಸಿಕ್ಕಿತು. ಇಂಥದ್ದು ಕಂಡರೆ ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಸಲ ಉಚಿತ ತಪಾಸಣೆ ಇದೆ. ಅಂದು ಮಗುವನ್ನು ತಪ್ಪದೆ ಕರೆದೊಯ್ಯಿರಿ.

ಎಚ್ಚರ

ಮಗುವಿನ ಮುಷ್ಟಿಯಲ್ಲಿ ಅಡಗುವ ಗಟ್ಟಿ ವಸ್ತು ಗಂಟಲಲ್ಲಿ ಸಿಗಬಹುದು. ಶೇಂಗಾ, ಹುಣಸೆಬೀಜ, ಮಣಿ, ಬಳಪದ ಚೂರು, ಗಡಿಯಾರದ ಸೆಲ್ ದೂರವಿಡಿ. ಸೆಲ್ ನುಂಗಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಬನ್ನಿ. ಏನಾದರೂ ಸಿಕ್ಕಿಕೊಂಡು ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಅಳಲೂ ಉಸಿರಾಡಲೂ ಆಗದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿರಿ. ಒಂದು ವರ್ಷದೊಳಗಿನ ಕೂಸಾದರೆ ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿನ ಮೇಲ್ಭಾಗದ ನಡುವೆ 5 ಸಲ ತಟ್ಟಿರಿ. ಹೊರಬರದಿದ್ದರೆ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿರಿ. ವಸ್ತು ಹೊರಬರುವವರೆಗೆ ಹೀಗೆಯೇ ಮಾಡಿರಿ. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳು ಹಾಕಬೇಡಿ. ದೊಡ್ಡ ಮಕ್ಕಳಿಗೆ ಮಾಡುವ ವಿಧಾನ ಬೇರೆ. ಎರಡನ್ನೂ ಬೊಂಬೆಯ ಮೇಲೆ ತೋರಿಸುತ್ತೇವೆ, ಮನೆಗೆ ಹೋಗುವ ಮುನ್ನ ಕಲಿತುಕೊಂಡು ಹೋಗಿರಿ.

ಕೊನೆಗೆ ಒಂದು ಮಾತು. ಅಳುವ ಮಗುವಿಗೆ ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತದೆ, ಅದರ ಜೊತೆ ಕೈಯೂ ನಿಲ್ಲುತ್ತದೆ. ಎರಡು ವರ್ಷ ತುಂಬುವವರೆಗೆ ಮೊಬೈಲ್, ಟಿ.ವಿ. ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕೂಡಲಸಂಗಮದ ನೆಲದವರು ನಾವು, ಕಾಯಕದ ಬೆಲೆ ಬಲ್ಲವರು. ಮಗುವಿಗೆ ಆಟವೇ ಕಾಯಕ. ದಿನಕ್ಕೆ ಅರ್ಧ ಗಂಟೆ ಅದರ ಜೊತೆ ನೆಲದ ಮೇಲೆ ಕೂಡ್ರಿರಿ. ಅಪ್ಪಂದಿರೂ ಕೂಡ್ರಲಿ.