ದೀಪವಿಲ್ಲದ ಊರುಗಳ ನಕ್ಷೆ

ನಾನು ವಾಸವಾಗಿರುವುದು ಶಿವಮೊಗ್ಗದ ರಾಗಿಗುಡ್ಡದಲ್ಲಿ. ನನ್ನ ಕಿಟಕಿಯಿಂದ ಕಾಣುವುದು ಮನೆಗಳ ಸಾಲು, ರಾಗಿಯ ತೆನೆಯಲ್ಲ. ಹೆಸರು ಮಾತ್ರ ಯಾವುದೋ ಮಳೆಯಾಶ್ರಿತ ಹೊಲದ ನೆನಪನ್ನು ಹೊತ್ತುಕೊಂಡಂತಿದೆ. ಆ ನೆನಪು ನಿಜವೋ, ನಮ್ಮ ಕಿವಿಯ ಕಲ್ಪನೆಯೋ? ಇಂಥ ಪ್ರಶ್ನೆಯ ಬೆನ್ನು ಹತ್ತಿದವರಿಗೆ ಹಳೆಯ ನಕ್ಷೆಗಿಂತ ಒಳ್ಳೆಯ ಸಂಗಾತಿಯಿಲ್ಲ. ಬಹುಕಾಲ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿದ ನಾನು ನಕ್ಷೆಯನ್ನು ಓದಲು ಕಲಿತದ್ದು ನಿವೃತ್ತನಾದ ಮೇಲೆ.

ಮೊದಲು ಗ್ರಾಮನಕ್ಷೆಯನ್ನು ನೋಡೋಣ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ ಆರಂಭವಾದದ್ದು 1863ರಲ್ಲಿ. 33 ಅಡಿಯ ಸರಪಳಿ ಹಿಡಿದು ಹೊಲಹೊಲವನ್ನೂ ಅಳೆದರು. ಇಂದಿಗೂ 33 ಅಡಿ ಉದ್ದ, ಅಷ್ಟೇ ಅಗಲದ ನೆಲವೇ ನಮಗೆ ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಆ ನಕ್ಷೆಯಲ್ಲಿ ಕೆರೆಯಿದೆ, ಹಳ್ಳವಿದೆ, ಬಂಡಿದಾರಿಯಿದೆ, ಗೋಮಾಳವಿದೆ. ಜೊತೆಗಿರುವ ದಾಖಲೆಗಳನ್ನು ತೆರೆದರೆ ಯಾವುದು ಖುಷ್ಕಿ, ಯಾವುದು ತರಿ, ಯಾವುದು ಬಾಗಾಯ್ತು ಎಂಬುದು ತಿಳಿಯುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಹರಡಿಕೊಂಡರೆ ಒಂದು ಊರಿನ ಬದುಕು ಹೊರಳಿದ ಬಗೆ ಕಣ್ಣಿಗೆ ಕಟ್ಟುತ್ತದೆ. ಭದ್ರಾ ನಾಲೆ ಬಂದಲ್ಲಿ ರಾಗಿ ಬೆಳೆಯುತ್ತಿದ್ದ ಖುಷ್ಕಿ ಗದ್ದೆಯಾದುದನ್ನು ಹೀಗೆಯೇ ಗುರುತಿಸಬಹುದು.

ಆದರೆ ಗ್ರಾಮನಕ್ಷೆಯ ಕಣ್ಣು ಕಂದಾಯದ ಕಣ್ಣು. ಕಂದಾಯ ಕಟ್ಟದವನ ಬದುಕಿಗೆ ಅಲ್ಲಿ ಗೆರೆ ಸಿಗುವುದು ಅಪರೂಪ. ಆ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತು ಬರುತ್ತದೆ. ಜನವಸತಿಯಿಲ್ಲದ ಊರು ಎಂದರ್ಥ. ಅದು ಪಾರಸಿಯಿಂದ ಬಂದ ಪದ. ಚಿರಾಗ್ ಎಂದರೆ ದೀಪ. ಬೇಚರಾಕ್ ಎಂದರೆ ದೀಪವಿಲ್ಲದ್ದು. ಒಣ ಕಚೇರಿ ಕಾಗದದ ನಡುವೆ ಇಂಥದೊಂದು ಮಾತು ಎದುರಾದಾಗ ಮನಸ್ಸು ತಡೆದು ನಿಲ್ಲುತ್ತದೆ.

ಎರಡನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂನಕ್ಷೆ. ಹಳೆಯ ಹಾಳೆಗಳಲ್ಲಿ ಒಂದು ಅಂಗುಲಕ್ಕೆ ಒಂದು ಮೈಲಿ. ಕಾಡಿಗೆ ಹಸಿರು, ಸಾಗುವಳಿಗೆ ಹಳದಿ, ನೀರಿಗೆ ನೀಲಿ. ಬೇಸಗೆಯಲ್ಲಿ ಬತ್ತುವ ಹಳ್ಳಕ್ಕೆ ನೀಲಿಯಿಲ್ಲ, ಕಪ್ಪು ಗೆರೆ. ನೀರಿಗಾಗಿ ಕಾಯುವ ಸೀಮೆ ಯಾವುದೆಂಬುದನ್ನು ಆ ಕಪ್ಪು ಗೆರೆಗಳೇ ಹೇಳುತ್ತವೆ. ಓದುವವರು ಮರೆಯಬಾರದ ಸಂಗತಿಯೊಂದುಂಟು: ನೋಡಬೇಕಾದದ್ದು ಅಚ್ಚಾದ ವರ್ಷವನ್ನಲ್ಲ, ಅಳತೆಯಾದ ವರ್ಷವನ್ನು. ಎರಡರ ನಡುವೆ ಎಷ್ಟೋ ವರ್ಷಗಳ ಅಂತರವಿರಬಹುದು.

ಅಂಥದೊಂದು ಹಾಳೆಯ ಪ್ರತಿ ನನಗೆ ದೊರೆಯಿತು. ಅದು ಶರಾವತಿ ಕಣಿವೆಯದು, ಲಿಂಗನಮಕ್ಕಿ ಅಣೆಕಟ್ಟಿಗಿಂತ ಹಿಂದಿನದು. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನಕ್ಷೆಯ ಮೇಲೆ 1800 ಅಡಿಯ ಸಮೋನ್ನತಿ ರೇಖೆಯನ್ನು ಹುಡುಕಿ, ಅದರ ತುಸು ಮೇಲೆ ಪೆನ್ಸಿಲು ಆಡಿಸುತ್ತಾ ಹೋದೆ. ಆ ಗೆರೆಯೇ ಮುಂದೆ ಬರಲಿದ್ದ ಜಲಾಶಯದ ದಡ. ಗೆರೆಯ ಕೆಳಗಿದ್ದ ಊರು, ತೋಟ, ಗುಡಿ, ದಾರಿ ಎಲ್ಲವೂ ಮುಳುಗಡೆಗೆ ಸೇರಿದವು. 1948ರ ಹಿರೇಭಾಸ್ಕರ ಅಣೆಕಟ್ಟು ಕೂಡ ಅದೇ ನೀರಿನಡಿ ಸೇರಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ತಲೆಯೆತ್ತುತ್ತದೆ. ನಾಡಿಗೆ ದೀಪ ಕೊಟ್ಟ ಊರುಗಳೇ ಹೀಗೆ ಬೇಚರಾಕ್ ಆದವು.

ನಮ್ಮ ಬೀದಿಯಲ್ಲಿ ಆ ಕಣಿವೆಯಿಂದ ಬಾಲ್ಯದಲ್ಲೇ ಎದ್ದುಬಂದ ಹಿರಿಯರೊಬ್ಬರಿದ್ದಾರೆ. ಒಂದು ಸಂಜೆ ಅವರನ್ನು ಮನೆಗೆ ಕರೆದು ಹಾಳೆಯನ್ನು ಮುಂದಿಟ್ಟೆ. ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಹೊಳೆಯ ತಿರುವನ್ನು ಹಿಡಿದು ಬೆರಳು ಮೆಲ್ಲನೆ ಸರಿಯಿತು, ಒಂದೆಡೆ ನಿಂತಿತು.

“ಇದೇ ನಮ್ಮೂರು. ಇಲ್ಲಿ ಐದು ಚುಕ್ಕೆ ಹಾಕಿದ್ದಾರೆ, ಮೇಷ್ಟ್ರೇ. ನಮ್ಮದು ಆರನೇ ಮನೆ.”

ತೋಟದ ಹಿಂಬದಿಯಲ್ಲಿ ಗೇಣಿ ಒಕ್ಕಲಾಗಿದ್ದವರ ಮನೆ ಅದು. ಅಳೆಯಲು ಬಂದವನ ಕಣ್ಣಿಗೆ ಅದು ಬೀಳಲಿಲ್ಲವೋ, ಅಳತೆಯಾದ ಮೇಲೆ ಕಟ್ಟಿದ್ದೋ, ಈಗ ಹೇಳುವವರಿಲ್ಲ. ನಾನು ಪೆನ್ಸಿಲು ಕೊಟ್ಟೆ. ನಡುಗುವ ಕೈಯಿಂದ ಅವರೇ ಒಂದು ಚುಕ್ಕೆಯಿಟ್ಟರು. “ಪಕ್ಕದಲ್ಲಿ ಹಲಸಿನ ಮರ ಇತ್ತು,” ಎಂದರು.

ಮುಳುಗಡೆಯ ಜನರಿಗೆ ನೆಲೆಯೆಂದು ತೋರಿಸಿದ ಭೂಮಿಯಲ್ಲಿ ಬಹುಪಾಲು ಕಾಡು. ಅವರು ಬೆವರು ಸುರಿಸಿ ಅದನ್ನು ಉತ್ತರು, ಬಿತ್ತರು. ನೆಲ ಹಳದಿಯಾಯಿತು, ದಾಖಲೆ ಮಾತ್ರ ಹಸಿರಾಗಿಯೇ ಉಳಿಯಿತು. ಆರು ದಶಕ ಕಳೆದರೂ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಇತ್ಯರ್ಥವಾಗಿಲ್ಲ. ಹಳೆಯ ನಕ್ಷೆಯ ಅಧ್ಯಯನ ಬರಿಯ ಪಂಡಿತರ ವಿನೋದವಲ್ಲ ಎಂದು ನನಗೆ ಮನವರಿಕೆಯಾದದ್ದು ಇದರಿಂದಲೇ.

ನಕ್ಷೆ ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. ಊರು ಎಲ್ಲಿತ್ತೆಂದು ಅದು ತೋರಿಸೀತು. ಅಲ್ಲಿ ಯಾರಿದ್ದರೆಂದು ಹೇಳಬೇಕಾದವರು ಅಲ್ಲಿ ಬಾಳಿದವರು. ನೆನಪು ಮಬ್ಬಾದಾಗ ನಕ್ಷೆ ದಾರಿ ತೋರುತ್ತದೆ. ನಕ್ಷೆ ಮೌನವಾದಾಗ ನೆನಪು ಮಾತಾಡುತ್ತದೆ. ನಿಮ್ಮ ಊರಿನ ಹಳೆಯ ಹಾಳೆಯೊಂದನ್ನು ದೊರಕಿಸಿ, ಮನೆಯ ಹಿರಿಯರ ಮುಂದೆ ಬಿಡಿಸಿಡಿ. ಕಾಗದ ಇನ್ನೂ ಕೆಲವು ಕಾಲ ಕಾದೀತು, ಅವರು ಕಾಯಲಾರರು.

ರಾಗಿಗುಡ್ಡದ ಖುಷ್ಕಿಯನ್ನು ಹುಡುಕುವ ನನ್ನ ಕೆಲಸ ಇನ್ನೂ ಮುಗಿದಿಲ್ಲ. ಆ ಆರನೆಯ ಚುಕ್ಕೆಯನ್ನು ಮಾತ್ರ ನಾನು ಅಳಿಸಿಲ್ಲ.