ಡಾನಾಂಗಿನ ಕಡಲು, ಹೋಯಿ ಆನಿನ ಹೊಳೆ

(ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ವಿಯೆಟ್ನಾಮ್ ಎಂದೊಡನೆ ನಮ್ಮಲ್ಲಿ ಹಿರಿಯರಿಗೆ ನೆನಪಾಗುವುದು ಯುದ್ಧ. ಕಿರಿಯರಿಗೆ ನೆನಪಾಗುವುದು ವಿಮಾನದ ಅಗ್ಗದ ಟಿಕೆಟ್ಟು. ಆ ದೇಶಕ್ಕಾಗಿ ಒಂದು ಕಾಲಕ್ಕೆ ಮೆರವಣಿಗೆ ಹೊರಟವರ ಮೊಮ್ಮಕ್ಕಳು ಇಂದು ಅಲ್ಲಿಗೆ ರಜೆ ಕಳೆಯಲು ಹೊರಡುತ್ತಿರುವರು. ತಪ್ಪೇನಿಲ್ಲ. ನಾನೂ ಹಾಗೆಯೇ ಹೋಗಿ ಬಂದವನು. ನಾನು ನೋಡಿದ್ದು ಎರಡೇ ಊರು: ಕಡಲ ದಂಡೆಯ ಡಾನಾಂಗ್, ಅದರಿಂದ ಸುಮಾರು 30 ಕಿಲೊಮೀಟರ್ ತೆಂಕಣಕ್ಕೆ ತು ಬೊನ್ ಹೊಳೆಯ ಮೇಲಿರುವ ಹೋಯಿ ಆನ್. ಅಲ್ಲಿಯ ಊಟತಿಂಡಿಯ ವರ್ಣನೆಯನ್ನು ಬೇರೆಯವರು ನನಗಿಂತ ಚೆನ್ನಾಗಿ ಮಾಡಬಲ್ಲರು. ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಆ ದಂಡೆ ಯಾರದು?

ಡಾನಾಂಗಿನ ದಂಡೆಗೆ ಯಾರು ಯಾರೋ ಬಂದಿಳಿದಿರುವರು. 1858ರಲ್ಲಿ ಫ್ರೆಂಚರ ಮತ್ತು ಸ್ಪೇನಿನವರ ಹಡಗುಗಳು ಬಂದು ತೋಪು ಹಾರಿಸಿದವು. ಊರಿಗೆ ಟೂರಾನ್ ಎಂದು ಹೆಸರಿಟ್ಟು ಫ್ರೆಂಚರು ಆಳಿದರು. 1965ರ ಮಾರ್ಚ್ 8ರಂದು ಅಮೆರಿಕದ ಸುಮಾರು 3500 ಮಂದಿ ನೌಕಾ ಸೈನಿಕರು ಇಲ್ಲಿಯೇ ಇಳಿದರು. ಮರಳಿನ ಮೇಲೆ ಕಾಲಿಟ್ಟವರಿಗೆ ಹುಡುಗಿಯರಿಂದ ಹೂಮಾಲೆ ಹಾಕಿಸಿದರಂತೆ! ಹತ್ತು ವರ್ಷಗಳ ತರುವಾಯ, 1975ರ ಮಾರ್ಚ್ 29ರಂದು, ಊರು ಅವರ ಮಿತ್ರರ ಕೈತಪ್ಪಿತು. ಇಂದು ಪ್ರವಾಸಿಗಳು ಬಂದಿಳಿಯುವ ವಿಮಾನ ನಿಲ್ದಾಣವೇ ಅಂದಿನ ಸೇನಾ ನಿಲ್ದಾಣ. ಕಾಡಿನ ಎಲೆ ಉದುರಿಸುವ ವಿಷದ ಪೀಪಾಯಿಗಳನ್ನು ಅಲ್ಲಿ ಶೇಖರಿಸಿದ್ದರು. ಸೋರಿ ಮಣ್ಣಿಗಿಳಿದ ಆ ವಿಷವನ್ನು ತೆಗೆಯಲು 2012ರಿಂದ 2018ರವರೆಗೆ ಕೆಲಸ ನಡೆಯಿತು. ಮಣ್ಣನ್ನು ರಾಶಿ ಹಾಕಿ 300 ಡಿಗ್ರಿಗೂ ಮಿಗಿಲಾಗಿ ಕಾಯಿಸಬೇಕಾಯಿತು. ಬಾಂಬು ಬಿದ್ದ ಹಳ್ಳವನ್ನು ಎರಡು ಮಳೆಗಾಲ ಮುಚ್ಚೀತು, ಮಣ್ಣಿಗಿಳಿದ ವಿಷ ಅರ್ಧ ಶತಮಾನ ಕಾಯಿತು.

ಬೆಳಗಿನ ಐದು ಗಂಟೆಗೆ ಮೀ ಖೇ ಎಂಬ ದಂಡೆಗೆ ಹೋಗಿ ನೋಡಬೇಕು. ಊರಿಗೆ ಊರೇ ನೀರಿಗಿಳಿದಿರುತ್ತದೆ. ಮುದುಕರು, ಬಾಣಸಿಗರು, ಗುಮಾಸ್ತರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು. ಟಿಕೆಟ್ಟಿಲ್ಲ, ಗೇಟಿಲ್ಲ, ಯಾರೆಂದು ಕೇಳುವವರಿಲ್ಲ. ಬಿಸಿಲೇರುವ ಮೊದಲೇ ಎಲ್ಲರೂ ಮೈ ಒರೆಸಿಕೊಂಡು ಕೆಲಸಕ್ಕೆ ಹೊರಡುವರು. ಸಾರ್ವಜನಿಕ ಆಸ್ತಿ ಎಂದರೆ ಏನೆಂದು ಮಕ್ಕಳಿಗೆ ಹೇಳಿಕೊಡುವ ಮೇಷ್ಟರು ಯಾರಾದರೂ ಈ ಸಭೆಯಲ್ಲಿದ್ದರೆ, ಆ ನೋಟವನ್ನು ಅವರಿಗೆ ತೋರಿಸಬೇಕೆಂದು ನನಗೆ ಆಸೆಯಾಯಿತು.

ಆದರೆ ಅದೇ ದಂಡೆಯಲ್ಲಿ ಹೋಯಿ ಆನಿನ ಕಡೆಗೆ ಸಾಗಿದರೆ ಕಡಲು ಕಾಣಿಸದು! ಕಾಣಿಸುವುದು ಗೋಡೆ. ಒಂದಾದ ಮೇಲೊಂದು ಐಷಾರಾಮಿ ಹೋಟೆಲು. ಆ ದೇಶದ ಸಂವಿಧಾನದ 53ನೆಯ ವಿಧಿಯ ಪ್ರಕಾರ ಭೂಮಿಯೆಲ್ಲ ಇಡೀ ಜನತೆಯದು. ಜನತೆಯ ಪರವಾಗಿ ನೋಡಿಕೊಳ್ಳುವುದು ಸರಕಾರ. ನೋಡಿಕೊಂಡದ್ದು ಹೇಗೆ? 1986ರಲ್ಲಿ ಆರ್ಥಿಕ ನೀತಿ ಬದಲಾಯಿತು. ಆಮೇಲೆ ಖಾಸಗಿ ಬಂಡವಾಳಕ್ಕೂ ವಿದೇಶಿ ಬಂಡವಾಳಕ್ಕೂ ಬಾಗಿಲು ತೆರೆಯಿತು. ದಂಡೆಯ ಉದ್ದಕ್ಕೂ ನಿವೇಶನಗಳು ಹೋದವು. ಕಡಲಿಗೆ ಇಳಿಯುವ ದಾರಿ ಮುಚ್ಚಿತೆಂದು ಊರವರು ದೂರಿದ ಮೇಲೆ, ಹೋಟೆಲುಗಳ ನಡುವೆ ಜನರಿಗೆ ದಾರಿ ಬಿಡಿಸಲು ನಗರಾಡಳಿತವೇ ಮುಂದಾಗಬೇಕಾಯಿತು. ಇನ್ನು ಊರೊಳಗಿನ ಸರಕಾರಿ ನಿವೇಶನಗಳು ಹಾಗೂ ಮನೆಗಳ ಕಥೆ. ಅವನ್ನು ಒಬ್ಬ ವ್ಯಾಪಾರಿಗೆ ಅಗ್ಗದ ಬೆಲೆಗೆ ಬಿಟ್ಟುಕೊಟ್ಟ ಮೊಕದ್ದಮೆಯಲ್ಲಿ, 2020ರ ಜನವರಿಯಲ್ಲಿ, ಡಾನಾಂಗ್ ನಗರದ ಇಬ್ಬರು ಮಾಜಿ ಅಧ್ಯಕ್ಷರಿಗೆ ಸೆರೆವಾಸ ವಿಧಿಸಲಾಯಿತು. ಒಬ್ಬರಿಗೆ 17 ವರ್ಷ. ಕೆಂಪು ಬಾವುಟದ ಕೆಳಗೆ ಕುಳಿತವರೇ ಇವರು. "ಎಲ್ಲರದು" ಎಂದು ಕಾಯಿದೆಯಲ್ಲಿ ಬರೆದು ಬೀಗದ ಕೈಯನ್ನು ನಾಲ್ವರ ಬಳಿ ಕೊಟ್ಟರೆ ಏನಾಗುವುದೆಂದು ನಮ್ಮ ಪಕ್ಷದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಶಿಕ್ಷೆಯಾದರೂ ಆಯಿತಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ.

ಇನ್ನು ಹೋಯಿ ಆನ್. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಇದು ದೊಡ್ಡ ರೇವು. ಜಪಾನೀಯರು, ಚೀನೀಯರು, ಪೋರ್ಚುಗೀಸರು, ಡಚ್ಚರು ರೇಷ್ಮೆಗೂ ಪಿಂಗಾಣಿಗೂ ಇಲ್ಲಿಗೆ ಬಂದರು. ಜಪಾನೀಯರ ಕಾಲದ ಸೂರು ಹೊದಿಸಿದ ಸೇತುವೆ ಇಂದಿಗೂ ಉಂಟು. ಒಂದು ತುದಿಯಲ್ಲಿ ಕೋತಿಗಳ, ಇನ್ನೊಂದು ತುದಿಯಲ್ಲಿ ನಾಯಿಗಳ ವಿಗ್ರಹ ಕಾವಲು. ದುರಸ್ತಿಯಾಗಿ 2024ರಲ್ಲಿ ಅದನ್ನು ಮತ್ತೆ ತೆರೆದಾಗ, ಹೊಸದರಂತೆ ಕಾಣುತ್ತದೆಂದು ದೊಡ್ಡ ಜಗಳವೇ ಆಯಿತು.

ಈ ಊರು ಉಳಿದದ್ದು ಯಾರ ಪುಣ್ಯದಿಂದ? ಮೊದಲನೆಯದಾಗಿ ಹೂಳಿನಿಂದ. ಹೊಳೆಯ ಬಾಯಿ ಹೂಳು ತುಂಬಿ ದೊಡ್ಡ ಹಡಗುಗಳು ಬಾರದಾದವು, ವ್ಯಾಪಾರ ಡಾನಾಂಗಿಗೆ ಹೋಯಿತು, ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಹಣವಿರಲಿಲ್ಲ. ಬಡತನ ಕಾಪಾಡಿದ ಊರು. ಎರಡನೆಯದಾಗಿ ಕಾಜಿಮಿಯೆಜ್ ಕ್ವಿಯಾಟ್ಕೋವ್‌ಸ್ಕಿ ಎಂಬ ಪೋಲೆಂಡಿನ ವಾಸ್ತುಶಿಲ್ಪಿ. ಅಮೆರಿಕದ ಬಾಂಬಿಗೆ 1969ರಲ್ಲಿ ಸಿಕ್ಕಿದ ಮೀ ಸನ್ನಿನ ಚಂಪಾ ಶಿವಾಲಯಗಳನ್ನು ಉಳಿಸಲೆಂದು ಬಂದವನು, ಹೋಯಿ ಆನನ್ನೂ ಉಳಿಸಿರೆಂದು ಅಧಿಕಾರಿಗಳ ಬೆನ್ನು ಹತ್ತಿದ. 1997ರಲ್ಲಿ ವಿಯೆಟ್ನಾಮಿನಲ್ಲಿಯೇ ತೀರಿಕೊಂಡ. ಎರಡು ವರ್ಷಗಳ ಬಳಿಕ, 1999ರಲ್ಲಿ, ಹೋಯಿ ಆನ್ ಮತ್ತು ಮೀ ಸನ್ ಎರಡೂ ಯುನೆಸ್ಕೋದ ಪಟ್ಟಿ ಸೇರಿದವು. ಊರವರು ಅವನ ಪ್ರತಿಮೆ ನಿಲ್ಲಿಸಿರುವರು.

ಈಗ ಆ ಮನೆಗಳ ಬೆಲೆ ಏರಿದೆ. ಮನೆಯವರು ಮುಂಭಾಗವನ್ನು ದರ್ಜಿಯಂಗಡಿಗೋ ಕಾಫಿ ಅಂಗಡಿಗೋ ಬಾಡಿಗೆಗೆ ಕೊಟ್ಟು ಊರ ಹೊರಗೆ ಹೋಗಿ ಇರುವುದುಂಟು. ಸಂಜೆ ಕಾಗದದ ದೀಪಗಳು ಹೊಳೆಯ ತುಂಬ ತೇಲುತ್ತವೆ. ಅಡುಗೆ ಮನೆಯ ಹೊಗೆ, ಮಕ್ಕಳ ಓದು ಕಡಮೆ. ಅವರನ್ನು ದೂರಲಾರೆ. ಮರದ ಮನೆಯ ದುರಸ್ತಿ ಸಾಮಾನ್ಯವೇ? ಪಕ್ಕದ ಕಾಮ್ ಥಾನಿನಲ್ಲಿ ನೀರಿನ ತಾಳೆತೋಪಿನ ನಡುವೆ ಮೀನುಗಾರರು ಬಿದಿರಿನ ಬುಟ್ಟಿದೋಣಿಗಳನ್ನು ಗಿರಗಿರನೆ ತಿರುಗಿಸಿ ಪ್ರವಾಸಿಗಳನ್ನು ನಗಿಸುವರು. ನಮ್ಮ ತುಂಗಭದ್ರೆಯ ಹರಿಗೋಲಿನ ಅಣ್ಣತಮ್ಮನೇ ಅದು. ನಾವು ಚರ್ಮ ಹೊದಿಸಿದಲ್ಲಿ ಅವರು ಮರದ ಅಂಟೆಣ್ಣೆ ಬಳಿಯುವರು. ಬಲೆ ಹಾಕುವ ಕೈ ಬುಗುರಿಯಾಡಿಸುವುದನ್ನು ಕಂಡು ನನಗೆ ಕಸಿವಿಸಿಯಾಯಿತು, ನಿಜ. ದೋಣಿಯವನಿಗೆ ಆಗಿರಲಿಲ್ಲ, ಮುಂದಿನ ಗಿರಾಕಿಯನ್ನು ಕೂಗಿ ಕರೆಯುತ್ತಿದ್ದ.

ಹೊಳೆಯವರಿಗೆ ಹೊಳೆಯ ಭಯ ಹಳೆಯದು. ಹಳೆಯ ಮನೆಗಳಲ್ಲಿ ನೆರೆ ಬಂದಾಗ ಸಾಮಾನುಗಳನ್ನು ರಾಟೆಯಿಂದ ಅಟ್ಟಕ್ಕೆ ಏರಿಸುವ ಕಂಡಿಯುಂಟು. ಗೋಡೆಯ ಮೇಲೆ ನೀರಿನ ಮಟ್ಟವನ್ನು ವರ್ಷ ಸಮೇತ ಗುರುತು ಮಾಡಿರುವರು. ನಾನು ಬಂದ ಮೇಲೆ, 2025ರ ಜುಲೈ 1ರಂದು, ಹೋಯಿ ಆನನ್ನು ಡಾನಾಂಗ್ ನಗರಾಡಳಿತಕ್ಕೇ ಸೇರಿಸಿದರು. ಅದೇ ಅಕ್ಟೋಬರ್ ಕೊನೆಯಲ್ಲಿ ಹಳೆಯ ಪೇಟೆ ಮತ್ತೆ ಮುಳುಗಿತು.

ಹೊಳೆಯ ಮುಖದ ಕುವಾ ದಾಯಿ ದಂಡೆಯಲ್ಲಿ ಇನ್ನೊಂದು ಬಗೆ. ಮೇಲೆ ಜಲವಿದ್ಯುತ್ತಿನ ಅಣೆಕಟ್ಟುಗಳು ಮರಳು ತಡೆದವು, ನಡುವೆ ಕಟ್ಟಡಕ್ಕೆಂದು ಮರಳು ತೋಡಿದರು. ಕಡಲಿಗೆ ಮರಳು ಬಾರದೆ ಕಡಲು ದಂಡೆಯನ್ನೇ ತಿನ್ನತೊಡಗಿತು. 2014ರಿಂದೀಚೆಗೆ ಹೋಟೆಲುಗಳ ಮುಂದಿನ ಮರಳೂ ತೆಂಗಿನ ಮರಗಳೂ ನೀರು ಪಾಲಾದವು. ಗೋಡೆ ಕಟ್ಟಿಕೊಂಡವರ ಗೋಡೆಯೊಳಗೇ ಕಡಲು ಬಂತು. ಈಗ ಅಲ್ಲಿ ಮರಳಿನ ಮೂಟೆ ಪೇರಿಸಿರುವರು, ನೀರೊಳಗೆ ಸರಕಾರದ ಖರ್ಚಿನಿಂದ ಕಲ್ಲಿನ ತಡೆ ಹಾಕಿರುವರು. ಖರ್ಚು ಸಾರ್ವಜನಿಕರದು, ಕಲ್ಲಿನ ಹಿಂದೆ ಉಳಿಯುವ ದಂಡೆ ಯಾರದೆಂದು ಅಲ್ಲಿಯವರೂ ಕೇಳುತ್ತಿರಬೇಕು.

ಹೊತ್ತಾಯಿತು. ಪ್ರಶ್ನೆಗಳಿದ್ದರೆ ಕೇಳಿ, ಕೊನೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿದೆ.