ಮೊದಲು ಯಾವ ಮೈದಾನ? ನಗರಗಳ ಆಟದ ಜಾಗ ಮತ್ತು ಅನುದಾನದ ಸರದಿ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಇತಿಹಾಸವೋ ಇರಲಿ ಎಂದು ಬಯಸುವವರು ಈ ಸಭೆಯಲ್ಲಿ ಹಲವರಿದ್ದೀರಿ. ಮಕ್ಕಳ ಆಟದ ಜಾಗಕ್ಕೆ ಸರ್ಕಾರದ ಹಣ ಹೇಗೆ ಬರುತ್ತದೆ ಎಂಬ ವಿಷಯವನ್ನು ನಾನು ಬೇಕೆಂದೇ ಆರಿಸಿಕೊಂಡೆ. ಒಂದು ನಗರಪಾಲಿಕೆಯ ವಶದಲ್ಲಿ ನೂರಾರು ಆಟದ ಜಾಗಗಳಿರುತ್ತವೆ. ಒಂದು ವರ್ಷದ ಹಣದಲ್ಲಿ ಹತ್ತನ್ನೋ ಇಪ್ಪತ್ತನ್ನೋ ಹೊಸದು ಮಾಡಬಹುದು. ಆ ಹತ್ತು ಯಾವುವು ಎಂದು ಎಲ್ಲೋ ಒಂದು ಕೋಣೆಯಲ್ಲಿ ಯಾರೋ ತೀರ್ಮಾನಿಸುತ್ತಾರೆ. ಪಟ್ಟಿಯಿಂದ ಹೊರಗುಳಿದ ಬಡಾವಣೆಯ ಮಗುವಿಗೆ ಈಗ ಆರು ವರ್ಷವಾಗಿದ್ದರೆ, ಮುಂದಿನ ಸರದಿ ಬರುವ ಹೊತ್ತಿಗೆ ಅದು ಹೈಸ್ಕೂಲು ಮುಗಿಸಿರುತ್ತದೆ. ತಡವಾಗಿ ಬಂದ ರಸ್ತೆಯನ್ನು ಅದೇ ಜನ ಬಳಸಬಹುದು. ತಡವಾಗಿ ಬಂದ ಉಯ್ಯಾಲೆ ಬೇರೆ ಮಕ್ಕಳಿಗೆ ಸೇರುತ್ತದೆ. ಈ ಸರದಿಯನ್ನು ಬರೆಯುವವರು ಯಾರು, ಯಾವ ಆಧಾರದ ಮೇಲೆ ಬರೆಯುತ್ತಾರೆ ಎಂದು ಕೇಳಬೇಕೆನ್ನಿಸಿದ್ದು ಅದಕ್ಕೆ.

ಹಾಳುಬಿದ್ದ ಆಟದ ಜಾಗವನ್ನು ಹತ್ತಿರದಿಂದ ನೋಡಿ. ಉಯ್ಯಾಲೆಯ ಕೆಳಗೆ ಮಕ್ಕಳ ಕಾಲು ಉಜ್ಜಿ ಉಜ್ಜಿ ಗುಂಡಿಯಾಗಿರುತ್ತದೆ, ಮಳೆ ಬಂದರೆ ಅಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಜಾರುಬಂಡೆಯ ತಗಡು ಅಂಚಿನಲ್ಲಿ ಬಿಟ್ಟುಕೊಂಡಿದ್ದು ಚಡ್ಡಿಯನ್ನೂ ತೊಡೆಯನ್ನೂ ಹರಿಯುತ್ತದೆ. ಸೀಸಾದ ಹಲಗೆ ಹೋಗಿ ಕೊಳವೆ ಮಾತ್ರ ಉಳಿದಿದ್ದರೆ ಮಕ್ಕಳು ಆ ಕೊಳವೆಯ ಮೇಲೇ ಕೂರುತ್ತಾರೆ. ಇದನ್ನು ಸರಿಪಡಿಸಲು ಬೇಕಾದದ್ದು ಒಂದು ಲೋಡು ಮರಳು, ನಾಲ್ಕಾರು ಬೋಲ್ಟು, ವೆಲ್ಡಿಂಗ್ ಮಾಡುವವರ ಅರ್ಧ ದಿನ. ಇಷ್ಟು ಚಿಕ್ಕ ಕೆಲಸ ಕಾಮಗಾರಿ ಎನಿಸಿಕೊಳ್ಳುವುದಿಲ್ಲ. ಕಾಮಗಾರಿ ಎಂದರೆ ಅಂದಾಜುಪಟ್ಟಿ, ಟೆಂಡರು, ಗುದ್ದಲಿಪೂಜೆ, ಬಿಲ್ಲು. ಹೀಗೆ ಸಣ್ಣ ದುರಸ್ತಿ ಯಾರ ಲೆಕ್ಕಕ್ಕೂ ಸೇರದೆ, ಇಡೀ ಜಾಗವನ್ನು ಕಿತ್ತು ಹೊಸದಾಗಿ ಕಟ್ಟುವ ದಿನದವರೆಗೂ ಕಾಯುತ್ತದೆ. ನಮ್ಮಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ. ನ್ಯೂಯಾರ್ಕಿನಲ್ಲೂ ಬಂಡವಾಳ ವೆಚ್ಚದ ಖಾತೆಯಿಂದ ಹಣ ಪಡೆಯಬೇಕಾದರೆ ಕೆಲಸ ನಿಗದಿತ ಮೊತ್ತಕ್ಕಿಂತ ದೊಡ್ಡದಿರಬೇಕು, ಕನಿಷ್ಠ ಐದು ವರ್ಷ ಬಾಳಿಕೆ ಬರಬೇಕು ಎಂಬ ನಿಯಮವಿದೆ. ಬೋಲ್ಟು ಬಿಗಿಮಾಡುವ ಹಣ ಬೇರೆ ಖಾತೆಯದು, ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವ ಖಾತೆಯದು.

ನ್ಯೂಯಾರ್ಕಿನ ಹೆಸರು ಬಂದಿತು, ಅಲ್ಲೇ ಸ್ವಲ್ಪ ನಿಲ್ಲೋಣ. ಆ ನಗರದಲ್ಲಿ ದೊಡ್ಡವು, ಚಿಕ್ಕವು ಸೇರಿ ಸುಮಾರು 2,000 ಉದ್ಯಾನಗಳಿವೆ. ಅವುಗಳ ಸುಧಾರಣೆಗೆ ಬಹಳ ಕಾಲ ಹಣ ಬರುತ್ತಿದ್ದದ್ದು ಹೆಚ್ಚಾಗಿ ನಗರಸಭಾ ಸದಸ್ಯರ ಮತ್ತು 'ಬರೋ' ಎಂಬ ನಗರವಿಭಾಗಗಳ ಅಧ್ಯಕ್ಷರ ವಿವೇಚನೆಯ ಮೊತ್ತದಿಂದ. ಸದಸ್ಯರ ಮನವೊಲಿಸಿದ ನೆರೆಹೊರೆಗೆ ಕೆಲಸವಾಗುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಹಾಗೆ. ಎರಡು ಪಾಳಿ ದುಡಿದು ಬರುವ ತಾಯಿಗೆ ಸಂಜೆಯ ಸಭೆಗೆ ಹೋಗಿ ಅರ್ಜಿ ಕೊಡುವಷ್ಟು ಪುರುಸೊತ್ತಿಲ್ಲ. ವಲಸೆ ಬಂದ ಕುಟುಂಬಕ್ಕೆ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದೇ ಗೊತ್ತಿಲ್ಲ. ಅವರ ಬೀದಿಯ ಮೈದಾನ ಎಷ್ಟೇ ಹಾಳಾಗಿದ್ದರೂ ಕಡತವಾಗಿ ಮೇಜಿಗೆ ಬರುವುದಿಲ್ಲ.

2014ರಲ್ಲಿ ಮೇಯರ್ ಬಿಲ್ ಡಿ ಬ್ಲಾಸಿಯೊ ಅವರ ಆಡಳಿತ ಒಂದು ಕೆಲಸ ಮಾಡಿತು. ಅದನ್ನು ಈ ಇಡೀ ಉಪನ್ಯಾಸದ ನಡುಗಂಬವೆಂದೇ ನಾನು ಭಾವಿಸುತ್ತೇನೆ. ಉದ್ಯಾನ ಇಲಾಖೆಯ ಆಯುಕ್ತರಾಗಿದ್ದವರು ಮಿಚೆಲ್ ಸಿಲ್ವರ್. ಅವರ ಇಲಾಖೆ ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆಯಿತು. ಹಿಂದಿನ 20 ವರ್ಷಗಳಲ್ಲಿ ಯಾವ ಉದ್ಯಾನಕ್ಕೆ ಎಷ್ಟು ಬಂಡವಾಳ ಹೋಗಿದೆ ಎಂದು ನೋಡಿತು. 2.5 ಲಕ್ಷ ಡಾಲರಿಗಿಂತ ಕಡಿಮೆ ಪಡೆದ ಉದ್ಯಾನಗಳು 215 ಎಂದು ತಿಳಿಯಿತು. ಜನಸಾಂದ್ರತೆ ಹೆಚ್ಚಿರುವ, ಜನಸಂಖ್ಯೆ ಬೆಳೆಯುತ್ತಿರುವ, ಬಡತನ ಸರಾಸರಿಗಿಂತ ಹೆಚ್ಚಿರುವ ನೆರೆಹೊರೆಗಳ ಉದ್ಯಾನಗಳನ್ನು ಅವುಗಳಿಂದ ಆರಿಸಿ, ಮೊದಲ ಹಂತದಲ್ಲಿ 35 ಉದ್ಯಾನಗಳಿಗೆ 13 ಕೋಟಿ ಡಾಲರ್ ಕೊಟ್ಟರು. 'ಕಮ್ಯುನಿಟಿ ಪಾರ್ಕ್ಸ್ ಇನಿಶಿಯೇಟಿವ್' ಎಂದು ಅದಕ್ಕೆ ಹೆಸರು. ನಕ್ಷೆ ಬರೆಯುವ ಮೊದಲು ಪ್ರತಿಯೊಂದು ಕಡೆಯೂ ನೆರೆಹೊರೆಯವರನ್ನು ಕೂರಿಸಿ, ಏನು ಬೇಕೆಂದು ಕೇಳಿದರು.

ಆ 215ರ ಸಂಖ್ಯೆಯನ್ನು ಇನ್ನೊಂದು ಸಂಖ್ಯೆಯ ಪಕ್ಕದಲ್ಲಿ ಇಡಬೇಕು. ಅದೇ ನಗರದ ಸೆಂಟ್ರಲ್ ಪಾರ್ಕನ್ನು 1980ರಲ್ಲಿ ಹುಟ್ಟಿದ ಒಂದು ಖಾಸಗಿ ದತ್ತಿ ಸಂಸ್ಥೆ ನೋಡಿಕೊಳ್ಳುತ್ತದೆ. 2012ರಲ್ಲಿ ಒಬ್ಬ ಧನಿಕರು ಅದಕ್ಕೆ ಒಂದೇ ಸಲ 10 ಕೋಟಿ ಡಾಲರ್ ದಾನ ಕೊಟ್ಟರು. 215 ಉದ್ಯಾನಗಳಿಗೂ 20 ವರ್ಷದಲ್ಲಿ ಬಂದದ್ದನ್ನು ಗರಿಷ್ಠ ಲೆಕ್ಕದಲ್ಲೇ ಕೂಡಿಸಿದರೂ 5 ಕೋಟಿ 40 ಲಕ್ಷ ದಾಟುವುದಿಲ್ಲ. ದಾನ ಕೊಟ್ಟವರನ್ನು ನಾನು ದೂರುತ್ತಿಲ್ಲ. ದತ್ತಿಯ ಹೆಸರಿನಲ್ಲಿ ನಿಂತು ಮಾತನಾಡುತ್ತಿರುವ ನನಗೆ ದಾನದ ಬೆಲೆ ಗೊತ್ತು. ಆದರೆ ದಾನ ತನಗೆ ಕಾಣುವ ಕಡೆಗೆ ಹರಿಯುತ್ತದೆ. ಕಾಣದ ಕಡೆಗೆ ಹರಿಯಬೇಕಾದದ್ದು ತೆರಿಗೆಯ ಹಣ, ಅದೂ ಕಾಣುವ ಕಡೆಗೇ ಹೋದರೆ ಬಡ ಬೀದಿಯ ಮಗುವಿಗೆ ಮೂರನೆಯ ದಾರಿಯಿಲ್ಲ.

ಒಬ್ಬ ಮೇಯರ್ ಮಾಡಿದ್ದನ್ನು ಇನ್ನೊಬ್ಬ ಮೇಯರ್ ಬಿಡಬಹುದು. ಈ ಆತಂಕಕ್ಕೆ ಅಮೆರಿಕದ ಮಿನಿಯಾಪೊಲಿಸ್ ನಗರ ಉತ್ತರ ಹುಡುಕಿತು. ಅಲ್ಲಿ ಉದ್ಯಾನಗಳಿಗೆಂದೇ 1883ರಿಂದ ಒಂದು ಪ್ರತ್ಯೇಕ ಮಂಡಳಿಯಿದೆ, ಅದರ ಒಂಬತ್ತು ಸದಸ್ಯರನ್ನು ಜನ ನೇರವಾಗಿ ಚುನಾಯಿಸುತ್ತಾರೆ. 2016ರಲ್ಲಿ ಮಂಡಳಿ ಮತ್ತು ನಗರಸಭೆ ಎರಡೂ ಕೂಡಿ 20 ವರ್ಷದ ಯೋಜನೆಯನ್ನು ಕಾನೂನಾಗಿ ಬರೆದವು. ನೆರೆಹೊರೆಯ ಉದ್ಯಾನಗಳಿಗೆ ವರ್ಷಕ್ಕೆ ಸುಮಾರು 1 ಕೋಟಿ 10 ಲಕ್ಷ ಡಾಲರ್ ಹೆಚ್ಚುವರಿಯಾಗಿ ಸಿಗುವಂತೆ ಮಾಡಿದವು. ಸುಮಾರು 160 ಉದ್ಯಾನಗಳಲ್ಲಿ ಯಾವುದು ಮೊದಲು ಎಂಬುದಕ್ಕೆ ಅಂಕಗಳ ಪದ್ಧತಿ ತಂದರು. ನೆರೆಹೊರೆಯ ಕಡೆಯಿಂದ ಜನರ ಬಡತನ ಮತ್ತು ಜನಾಂಗೀಯ ಹಿನ್ನೆಲೆ, ಜನಸಾಂದ್ರತೆ, ಮಕ್ಕಳ ಸಂಖ್ಯೆ, ಬೀದಿಯ ಸುರಕ್ಷತೆ. ಉದ್ಯಾನದ ಕಡೆಯಿಂದ ಸಲಕರಣೆಗಳ ಸ್ಥಿತಿ, ಅವುಗಳ ಆಯುಸ್ಸು, ಹಿಂದೆ ಅಲ್ಲಿಗೆ ಬಂದ ಹಣದ ಪ್ರಮಾಣ. ಇಷ್ಟಕ್ಕೂ ಅಂಕ ಹಾಕಿ, ಹೆಚ್ಚು ಅಂಕ ಬಂದದ್ದು ಮೊದಲು. ನಿರ್ವಹಣೆ, ದುರಸ್ತಿ, ಮರುನಿರ್ಮಾಣ ಮೂರಕ್ಕೂ ಅದೇ ಯೋಜನೆಯಲ್ಲಿ ಹಣವಿದೆ, ಹಾಗಾಗಿ ಆ ಒಂದು ಲೋಡು ಮರಳಿಗೂ ಅಲ್ಲಿ ದಾರಿಯಿದೆ.

ಅಂಕದ ಪಟ್ಟಿಯನ್ನು ಪ್ರಕಟಿಸುತ್ತಾರೆ ಎಂಬುದೇ ನನಗೆ ದೊಡ್ಡ ಮಾತಾಗಿ ಕಾಣುತ್ತದೆ. ನಮ್ಮ ಬೀದಿಯ ಮೈದಾನ ಐವತ್ತನೆಯದೋ ಐದನೆಯದೋ ಎಂದು ಯಾವ ತಾಯಿಯೂ ನೋಡಬಹುದು, ತಪ್ಪು ಅಂಕ ಹಾಕಿದ್ದರೆ ಜಗಳವಾಡಬಹುದು. ಪ್ರತಿ ವಾರ್ಡಿಗೂ ಸಮ ಹಂಚಿಕೆ ಮಾಡಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಇಪ್ಪತ್ತು ವರ್ಷ ಒಬ್ಬರಿಗೇ ಬಡಿಸಿ, ಇಪ್ಪತ್ತೊಂದನೆಯ ವರ್ಷದಿಂದ ಇಬ್ಬರಿಗೂ ಸಮನಾಗಿ ಬಡಿಸಿದರೆ ಮೊದಲಿನ ಅಂತರ ಹಾಗೇ ಉಳಿಯುತ್ತದೆ. ಹಾಗೆಂದು ಅಂಕಗಳಿಗೇ ಎಲ್ಲವನ್ನೂ ಬಿಟ್ಟುಬಿಡಲೂ ಆಗದು. ಯಾವ ಮೈದಾನ ಮೊದಲು ಎಂದು ಅಂಕ ಹೇಳುತ್ತದೆ. ಅಲ್ಲಿ ಏನು ಕಟ್ಟಬೇಕು ಎಂದು ಮಕ್ಕಳೇ ಹೇಳಬೇಕು. ನ್ಯೂಯಾರ್ಕಿನಲ್ಲಿ 2011ರಿಂದ ಕೆಲವು ನಗರಸಭಾ ಕ್ಷೇತ್ರಗಳಲ್ಲಿ ಅನುದಾನದ ಒಂದು ಭಾಗವನ್ನು ಜನರ ಮತಕ್ಕೇ ಬಿಡುವ ಪದ್ಧತಿ ನಡೆದಿದೆ, ಹನ್ನೊಂದು ತುಂಬಿದ ಮಕ್ಕಳಿಗೂ ಅಲ್ಲಿ ಮತವಿದೆ.

ಇಲ್ಲಿಯವರೆಗಿನ ಮಾತೆಲ್ಲ ಇರುವ ಮೈದಾನದ ಸುಧಾರಣೆಯದು. ಮೈದಾನವೇ ಇಲ್ಲದ ಬೀದಿಗೆ ಏನು? ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ಸುಂದರ ಉತ್ತರ ಆಮ್‌ಸ್ಟರ್‌ಡ್ಯಾಮಿನದು. ಎರಡನೆಯ ಮಹಾಯುದ್ಧ ಮುಗಿದಾಗ ಆ ನಗರ ಕಂಗಾಲಾಗಿತ್ತು. ನಾಜಿಗಳು ಹಿಡಿದೊಯ್ದ ಯಹೂದಿ ಕುಟುಂಬಗಳ ಮನೆಗಳು ಖಾಲಿ ಬಿದ್ದಿದ್ದವು. ಯುದ್ಧದ ಕಡೆಯ ಚಳಿಗಾಲದಲ್ಲಿ ಹಸಿವು, ಚಳಿ ತಾಳಲಾರದ ಜನ ಅವುಗಳ ಮರಮುಟ್ಟನ್ನು ಕಿತ್ತು ಉರಿಸಿದ್ದರು. ಕುಸಿದ ಮನೆಗಳ ನಿವೇಶನಗಳು ಹಾಗೇ ಉಳಿದಿದ್ದವು. ನಗರ ಯೋಜನಾ ವಿಭಾಗದ ಜಕೋಬಾ ಮುಲ್ಡರ್ ಪ್ರತಿ ನೆರೆಹೊರೆಗೂ ಒಂದು ಆಟದ ಜಾಗ ಬೇಕೆಂದು ಹಟ ಹಿಡಿದರು. 1947ರಲ್ಲಿ ಬರ್ಟೆಲ್‌ಮನ್‌ಪ್ಲೇನ್ ಎಂಬ ಚೌಕದಲ್ಲಿ, ಆಗಿನ್ನೂ ಯುವಕರಾಗಿದ್ದ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ ಮೊದಲನೆಯದನ್ನು ವಿನ್ಯಾಸ ಮಾಡಿದರು. ಮರಳಿನ ತೊಟ್ಟಿ, ಜಿಗಿಯಲು ಕಾಂಕ್ರೀಟಿನ ಗುಂಡು ದಿಮ್ಮಿಗಳು, ಪಲ್ಟಿ ಹೊಡೆಯಲು ಕಬ್ಬಿಣದ ಸರಳುಗಳು, ಕೂರಲು ಬೆಂಚು. ಬೇಲಿಯಿಲ್ಲ, ಗೇಟಿಲ್ಲ.

ಅದನ್ನು ನೋಡಿದ ಬೇರೆ ಬೀದಿಯವರು ನಮಗೂ ಒಂದು ಕೊಡಿ ಎಂದು ನಗರಕ್ಕೆ ಪತ್ರ ಬರೆಯತೊಡಗಿದರು. ನಮ್ಮ ಮನೆಯ ಎದುರು ಖಾಲಿ ಜಾಗವಿದೆ ಎಂದು ತೋರಿಸಿದರು. ಅಧಿಕಾರಿಗಳು ಹೋಗಿ ಜಾಗ ನೋಡಿದರು, ವಾನ್ ಐಕ್ ಆ ಜಾಗದ ಆಕಾರಕ್ಕೆ ತಕ್ಕಂತೆ ಅದೇ ಕೆಲವು ಸರಳ ವಸ್ತುಗಳನ್ನು ಬೇರೆ ಬೇರೆಯಾಗಿ ಜೋಡಿಸಿದರು. 1978ರ ಹೊತ್ತಿಗೆ ಇಂಥವು 700ಕ್ಕೂ ಹೆಚ್ಚಾದವು. ಅರ್ಜಿ ಹಾಕಿದವರಿಗೆ ಮಾತ್ರ ಸಿಗುತ್ತದೆ ಎಂಬ ದೋಷ ಇಲ್ಲಿಯೂ ಇರಬಹುದಿತ್ತು. ಆದರೆ ವೆಚ್ಚ ಕಡಿಮೆ, ಸಂಖ್ಯೆ ಹೆಚ್ಚು, ದಶಕಗಳ ಕಾಲ ನಿಲ್ಲದ ಕೆಲಸ: ಇವು ಮೂರೂ ಸೇರಿದ್ದರಿಂದ ಸರದಿ ಉದ್ದವಾಗಿ ಉಳಿಯಲಿಲ್ಲ.

ಇನ್ನು ನಮ್ಮ ಬೆಂಗಳೂರು. ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟನ್ನು ಉದ್ಯಾನ, ಆಟದ ಮೈದಾನಗಳಿಗೆ ಬಿಡಲೇಬೇಕು. 1985ರಲ್ಲಿ ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದೇ ರಾಜ್ಯ ಕಾಯ್ದೆ ಮಾಡಿತು. ಸಂವಿಧಾನದ 12ನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳ ಕೆಲಸಗಳ ಪೈಕಿ ಆಟದ ಮೈದಾನ ಹೆಸರು ಹಿಡಿದು ಬಂದಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಮುಖ್ಯಮಂತ್ರಿಗಳ ಆದೇಶದ ಮೇರೆಗೆ ಖಾಸಗಿ ಆಸ್ಪತ್ರೆಗೆ ಹಂಚಿದಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಸಲ್ಲದೆಂದು ತೀರ್ಪು ಕೊಟ್ಟಿತು. ದೇಶದ ಉದ್ದಗಲಕ್ಕೂ ಇಂದಿಗೂ ಉದ್ಯಾನದ ಮೊಕದ್ದಮೆಗಳಲ್ಲಿ ವಕೀಲರು ಆ ತೀರ್ಪನ್ನು ಹಿಡಿದು ವಾದಿಸುತ್ತಾರೆ. ಆ ನಿವಾಸಿಗಳಿಗೆ ನಾವು ಋಣಿಗಳು.

ಆದರೆ ಶೇ. 15ರ ನಿಯಮ ಫಲ ಕೊಡುವುದು ನಕ್ಷೆ ಹಾಕಿ ಕಟ್ಟಿದ ಬಡಾವಣೆಯಲ್ಲಿ. ಹಳೆಯ ಪೇಟೆಗಳಲ್ಲಿ, ಹೊಲವನ್ನು ನಿವೇಶನ ಮಾಡಿ ಮಾರಿದ ರೆವಿನ್ಯೂ ಬಡಾವಣೆಗಳಲ್ಲಿ, ಕೊಳೆಗೇರಿಗಳಲ್ಲಿ ಬಿಡಲು ಜಾಗವನ್ನೇ ಯಾರೂ ಯೋಚಿಸಿರಲಿಲ್ಲ. 'ಉದ್ಯಾನ ಅಭಿವೃದ್ಧಿ' ಎಂಬ ಶೀರ್ಷಿಕೆಯಡಿ ಹಣ ಬಂದಾಗ ಅದು ಉದ್ಯಾನವಿರುವ ಬಡಾವಣೆಗೇ ಹೋಗುತ್ತದೆ, ಇನ್ನೆಲ್ಲಿಗೂ ಹೋಗಲಾರದು. ಅಲ್ಲಿ ಮೊದಲೇ ಇದ್ದ ನಡಿಗೆಯ ಹಾದಿಗೆ ಹೊಸ ಟೈಲ್ಸು ಬೀಳುತ್ತದೆ, ಓಪನ್ ಜಿಮ್ ಬರುತ್ತದೆ, ಪಕ್ಕದಲ್ಲಿ 'ಚೆಂಡಾಟ ನಿಷೇಧಿಸಲಾಗಿದೆ' ಎಂಬ ಫಲಕವೂ ಇರುತ್ತದೆ. ಮಕ್ಕಳ ಹೆಸರಿನ ಜಾಗದಲ್ಲಿ ಮಕ್ಕಳಿಗೇ ಎಡೆಯಿಲ್ಲದ ಈ ಸ್ಥಿತಿ ನನಗೆ ನಿಜಕ್ಕೂ ನೋವು ಕೊಡುತ್ತದೆ. ಇದನ್ನು ಕೇಳಲು ವಾರ್ಡಿನ ಪ್ರತಿನಿಧಿ ಬೇಕು. ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿ ಬಿದ್ದವು.

2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಮಾಡಿದ್ದಾರೆ. ಹೊಸ ಕಚೇರಿ, ಹೊಸ ಕಡತ ಶುರುವಾಗುವ ಹೊತ್ತು ಇಂಥ ಕೆಲಸಕ್ಕೆ ಒಳ್ಳೆಯದು. ಪ್ರತಿ ಪಾಲಿಕೆ ತನ್ನ ಆಟದ ಜಾಗಗಳ ಒಂದು ವಹಿ ಬರೆಯಲಿ: ಜಾಗದ ವಿಸ್ತೀರ್ಣ, ಅರ್ಧ ಕಿಲೋಮೀಟರ್ ಒಳಗಿನ ಮಕ್ಕಳ ಸಂಖ್ಯೆ, ಸಲಕರಣೆಗಳ ಸ್ಥಿತಿ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ, ಕಳೆದ ಇಪ್ಪತ್ತು ವರ್ಷದಲ್ಲಿ ಬಂದ ಹಣ. ಆಟದ ಜಾಗವೇ ಇಲ್ಲದ ವಾರ್ಡುಗಳಿಗೂ ಅದೇ ವಹಿಯಲ್ಲಿ ಒಂದು ಪುಟವಿರಲಿ. ಆ ವಾರ್ಡಿನ ಖಾಲಿ ಬಿದ್ದ ನಾಗರಿಕ ಸೌಲಭ್ಯ ನಿವೇಶನ ಎಲ್ಲಿದೆ, ಸರ್ಕಾರಿ ಶಾಲೆಯ ಅಂಗಳ ಎಷ್ಟಿದೆ ಎಂದು ಅಲ್ಲಿ ಬರೆಯಲಿ. 2007ರಲ್ಲಿ ನ್ಯೂಯಾರ್ಕು ತನ್ನ ಶಾಲಾ ಅಂಗಳಗಳನ್ನು ಸಂಜೆ ಮತ್ತು ರಜಾದಿನ ನೆರೆಹೊರೆಗೆ ತೆರೆಯಲು ಶುರುಮಾಡಿತು. ಅದಕ್ಕೆ ಹೊಸ ನೆಲ ಕೊಳ್ಳಬೇಕಾಗಲಿಲ್ಲ. ಇಲ್ಲಿಯೂ ಒಬ್ಬ ಕಾವಲುಗಾರರ ಸಂಬಳ, ದೀಪ, ನೀರು, ಶೌಚಾಲಯದ ಖರ್ಚನ್ನು ಪಾಲಿಕೆ ಹೊತ್ತರೆ ಶಿಕ್ಷಣ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು. ಶಾಲೆಯ ಮುಖ್ಯೋಪಾಧ್ಯಾಯರ ಮೇಲೆ ಆ ಹೊರೆ ಹಾಕಬಾರದು, ಅವರಿಗೆ ಈಗಿರುವ ಕೆಲಸವೇ ಸಾಕಷ್ಟಿದೆ.

ಈ ವಹಿ ಕಂಪ್ಯೂಟರಿನಲ್ಲಿ ಮಾತ್ರ ಉಳಿಯದೆ, ಕನ್ನಡದಲ್ಲಿ ಅಚ್ಚಾಗಿ ವಾರ್ಡ್ ಕಚೇರಿಯ ಗೋಡೆಯ ಮೇಲೆ, ನ್ಯಾಯಬೆಲೆ ಅಂಗಡಿಯ ಮುಂದೆ, ಅಂಗನವಾಡಿಯಲ್ಲಿ ಅಂಟಿರಬೇಕು. ಆಯವ್ಯಯ ಮಂಡನೆಗೆ ಎರಡು ತಿಂಗಳು ಮುಂಚೆ ಅಂಟಬೇಕು, ಆಕ್ಷೇಪಣೆ ಹೇಳಲು ಜನರಿಗೆ ಒಂದು ಭಾನುವಾರದ ವಾರ್ಡ್ ಸಭೆ ಸಿಗಬೇಕು. ಪಟ್ಟಿಯ ಸರದಿ ತಪ್ಪಿಸಿ ಯಾವುದಾದರೂ ಮೈದಾನಕ್ಕೆ ಹಣ ಕೊಟ್ಟರೆ, ಕೊಟ್ಟವರು ಕಾರಣವನ್ನು ಬರೆದು ಸಹಿ ಹಾಕಿ ಅದೇ ಗೋಡೆಯ ಮೇಲೆ ಅಂಟಿಸಬೇಕು. ಇದನ್ನು ಮಾಡಲು ಹೊಸ ಕಾಯ್ದೆ ಬೇಡ, ಪಾಲಿಕೆಯ ಒಂದು ನಿರ್ಣಯ ಸಾಕು. ಮುಂದಿನ ಆಯವ್ಯಯದ ಮೊದಲು ನಿಮ್ಮ ವಾರ್ಡಿನ ಕಚೇರಿಯಲ್ಲಿ ಈ ವಹಿಯನ್ನು ಕೇಳಿ, ಇಲ್ಲವೆಂದರೆ ಲಿಖಿತವಾಗಿ ಕೇಳಿ.